ಕೊಯ್ಲಿನ ಕಾಲದ ಮೋಡಗಳನ್ನು ಗುರುತಿಸುವುದು ಹೇಗೆ?

ಮಂಡ್ಯ ಜಿಲ್ಲೆಯ ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳಲ್ಲಿ ನವೆಂಬರ್ ಎರಡನೆಯ ವಾರದಿಂದ ಡಿಸೆಂಬರ್ ಕೊನೆಯವರೆಗಿನ ಆರೇಳು ವಾರಗಳು ರೈತರಿಗೆ ಬಹಳ ಆತಂಕದ ದಿನಗಳು. ಮಳೆಯಾಶ್ರಿತ ಹೊಲಗಳಲ್ಲಿ ರಾಗಿ ತೆನೆ ಕಂದು ಬಣ್ಣಕ್ಕೆ ತಿರುಗಿ ನಿಂತಿರುತ್ತದೆ. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ಬತ್ತ ಕೊಯ್ಲಿಗೆ ಬಂದಿರುತ್ತದೆ. ಆಲೆಮನೆಗಳ ಅಂಗಳದಲ್ಲಿ ಒಲೆಯ ಉರುವಲಿಗೆಂದು ಕಬ್ಬಿನ ಸಿಪ್ಪೆಯನ್ನು ಒಣಗಲು ಹರಡಿರುತ್ತಾರೆ. ಜೂನ್ ತಿಂಗಳಿನಲ್ಲಿ ಮೋಡಕ್ಕಾಗಿ ಕಾಯುವ ರೈತರು ಈ ದಿನಗಳಲ್ಲಿ ಮೋಡ ಕಂಡರೆ ಕುಡುಗೋಲನ್ನು ಕೆಳಗಿಡಬೇಕೋ ಬೇಡವೋ ಎಂದು ಯೋಚಿಸಬೇಕಾಗುತ್ತದೆ. ಹೊಟ್ಟೆಗೆ ಬೇಕಾದ ರಾಗಿ, ದನಕ್ಕೆ ಬೇಕಾದ ಹುಲ್ಲು ಎರಡೂ ಈ ನಿರ್ಧಾರವನ್ನು ಅವಲಂಬಿಸಿವೆ.

ಶಿಂಷಾ ನದಿಯ ದಡದಲ್ಲಿರುವ, ವೈದ್ಯನಾಥೇಶ್ವರ ದೇವಾಲಯದಿಂದ ಹೆಸರಾದ ವೈದ್ಯನಾಥಪುರದಂತಹ ಊರುಗಳಲ್ಲಿ ಡಿಸೆಂಬರ್ ತಿಂಗಳ ಬೆಳಿಗ್ಗೆ ಏಳು ಗಂಟೆಗೆ ಆಕಾಶವು ಎಷ್ಟೋ ದಿನ ಬೂದಿ ಬಳಿದಂತಿರುತ್ತದೆ. ಮಳೆ ಬಂದೇಬಿಡುತ್ತದೆ ಎಂದು ಭಾವಿಸಿ, ಕರೆದ ಆಳುಗಳನ್ನು ಹಿಂದಕ್ಕೆ ಕಳುಹಿಸುವವರುಂಟು. ಒಂಬತ್ತೂವರೆ ಗಂಟೆಯ ಹೊತ್ತಿಗೆ ಬಿಸಿಲು ಚೆನ್ನಾಗಿ ಬಂದು, ಒಂದು ದಿನದ ಕೆಲಸ ವ್ಯರ್ಥವಾಗಿರುತ್ತದೆ. ಇದಕ್ಕೆ ವಿರುದ್ಧವಾಗಿ, ಇನ್ನೊಂದು ದಿನ ಆಕಾಶದ ಮೇಲೆ ತೆಳುವಾದ ಬಿಳಿ ಪರದೆ ಎಳೆದಂತಿರುತ್ತದೆ, ಬಿಸಿಲೂ ಇರುತ್ತದೆ. ಅದನ್ನು ಯಾರೂ ಮೋಡವೆಂದೇ ಲೆಕ್ಕಿಸುವುದಿಲ್ಲ. ರಾಗಿಯನ್ನು ಕೊಯ್ದು ಅರಿ ಹಾಕಿದ ಮಾರನೆಯ ದಿನವೋ ಮೂರನೆಯ ದಿನವೋ ಜಡಿಮಳೆ ಹಿಡಿದು, ತೆನೆ ನೆಲದಲ್ಲೇ ಮೊಳೆಯುತ್ತದೆ. ಈ ಎರಡು ಬಗೆಯ ಮೋಡಗಳನ್ನು ಬೇರ್ಪಡಿಸಿ ನೋಡುವುದು ಕಷ್ಟದ ವಿದ್ಯೆಯೇನೂ ಅಲ್ಲ. ಹವಾಮಾನ ಇಲಾಖೆಯ ಮುನ್ಸೂಚನೆಯ ಜೊತೆಗೆ ಇದನ್ನೂ ಸೇರಿಸಿಕೊಂಡರೆ ಕೊಯ್ಲಿನ ದಿನವನ್ನು ಬಹುಮಟ್ಟಿಗೆ ಸರಿಯಾಗಿ ಆರಿಸಿಕೊಳ್ಳಬಹುದು.

ಈ ಕಾಲದ ಮಳೆ ಎಲ್ಲಿಂದ ಬರುತ್ತದೆ?

ನೈಋತ್ಯ ಮುಂಗಾರು ಅಕ್ಟೋಬರ್ ಮಧ್ಯದ ಹೊತ್ತಿಗೆ ಹಿಂದೆ ಸರಿಯುತ್ತದೆ. ಆ ಬಳಿಕ ಗಾಳಿಯ ದಿಕ್ಕು ಬದಲಾಗಿ ಈಶಾನ್ಯದಿಂದ ಬೀಸತೊಡಗುತ್ತದೆ. ಇದನ್ನೇ ನಾವು ಹಿಂಗಾರು ಎನ್ನುತ್ತೇವೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರು, ಜನವರಿ ಮತ್ತು ಫೆಬ್ರವರಿ ಮಾತ್ರ ಚಳಿಗಾಲ. ರೈತರ ಮಾತಿನಲ್ಲಿ ಕಾರ್ತಿಕ ಮಾಸ ಬಂತೆಂದರೆ ಚಳಿಗಾಲ ಬಂದಂತೆಯೇ. ಈ ಲೇಖನದಲ್ಲಿ ರೈತರ ಮಾತನ್ನೇ ಅನುಸರಿಸಲಾಗಿದೆ.

ಅಕ್ಟೋಬರ್ ತಿಂಗಳ ಮಳೆ ಹೆಚ್ಚಾಗಿ ನಮ್ಮ ನೆಲದ ಬಿಸಿಯಿಂದಲೇ ಎದ್ದ ಗುಡುಗು ಮೋಡಗಳದು. ಮಧ್ಯಾಹ್ನ ಕಟ್ಟಿ, ಸಂಜೆ ಸುರಿದು, ರಾತ್ರಿ ತಿಳಿಯಾಗುತ್ತದೆ. ನವೆಂಬರ್ ಮಧ್ಯದ ನಂತರ ಈ ಬಗೆಯ ಮಳೆ ಕಡಿಮೆಯಾಗುತ್ತಾ ಹೋಗುತ್ತದೆ. ಆಮೇಲೆ ಬರುವ ಮಳೆಯ ಬಹುಭಾಗಕ್ಕೆ ಕಾರಣ ಬಂಗಾಳ ಕೊಲ್ಲಿಯಲ್ಲಿ ಉಂಟಾಗುವ ವಾಯುಭಾರ ಕುಸಿತಗಳು ಮತ್ತು ಚಂಡಮಾರುತಗಳು. ಸಮುದ್ರದ ಮೇಲೆ ಒಂದೆಡೆ ಗಾಳಿಯ ಒತ್ತಡ ಕಡಿಮೆಯಾದಾಗ ಸುತ್ತಲಿನ ತೇವಭರಿತ ಗಾಳಿ ಆ ಕಡೆಗೆ ನುಗ್ಗಿ, ಸುತ್ತುತ್ತಾ ಮೇಲೇರಿ, ತಣಿದು ಮೋಡವಾಗುತ್ತದೆ. ಇಡೀ ವ್ಯವಸ್ಥೆ ನಿಧಾನವಾಗಿ ಪಶ್ಚಿಮಕ್ಕೋ ವಾಯವ್ಯಕ್ಕೋ ಸರಿದು ತಮಿಳುನಾಡು ಇಲ್ಲವೇ ಆಂಧ್ರದ ಕರಾವಳಿಯನ್ನು ದಾಟುತ್ತದೆ. ಪುದುಚೇರಿಯಿಂದ ಮದ್ದೂರಿಗೆ ನೇರ ದೂರ ಸುಮಾರು 300 ಕಿಲೋಮೀಟರ್ ಮಾತ್ರ. ಆದುದರಿಂದ ಉತ್ತರ ತಮಿಳುನಾಡಿನ ಕರಾವಳಿಯಲ್ಲಿ ನಡೆಯುವುದು ನಮಗೆ ದೂರದ ಸುದ್ದಿಯಲ್ಲ.

2024ರ ಫೆಂಗಲ್ ಚಂಡಮಾರುತವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಇದು ನವೆಂಬರ್ 30ರ ರಾತ್ರಿ ಪುದುಚೇರಿಯ ಬಳಿ ಕರಾವಳಿಯನ್ನು ದಾಟಿತು. ಅನಂತರ ಬೇಗನೆ ಮುಂದೆ ಸರಿಯದೆ ಗಂಟೆಗಟ್ಟಲೆ ಅಲ್ಲಿಯೇ ನಿಂತಿತು. ಪುದುಚೇರಿಯಲ್ಲಿ 24 ಗಂಟೆಗಳಲ್ಲಿ ಸುಮಾರು 48 ಸೆಂಟಿಮೀಟರ್ ಮಳೆಯಾಯಿತು. ಬಳಿಕ ದುರ್ಬಲಗೊಂಡು ಒಳನಾಡಿನ ಮೇಲೆ ಪಶ್ಚಿಮಕ್ಕೆ ಸರಿದು, ಡಿಸೆಂಬರ್ 3ರ ಹೊತ್ತಿಗೆ ಅರಬ್ಬೀ ಸಮುದ್ರದ ಕಡೆಗೆ ಹೋಯಿತು. ಹೋಗುವ ದಾರಿಯಲ್ಲಿ ದಕ್ಷಿಣ ಒಳನಾಡು ಕರ್ನಾಟಕದಲ್ಲಿ, ಕೊಯ್ಲಿನ ನಡುವೆ, ಮಳೆ ಸುರಿಸಿತು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಚಂಡಮಾರುತ ದುರ್ಬಲವಾಯಿತು ಎಂಬ ಸುದ್ದಿ ಕೇಳಿ ಸಮಾಧಾನ ಪಡುವಂತಿಲ್ಲ. ದುರ್ಬಲವಾಗುವುದು ಗಾಳಿಯ ವೇಗ. ಅದು ಹೊತ್ತು ತಂದ ತೇವಾಂಶ ನಮ್ಮ ಮೇಲೆ ಬಂದು ಇಳಿಯುವುದು ಆಮೇಲೆಯೇ. ಗಾಳಿಯಿಂದ ಮೀನುಗಾರರಿಗೆ ತೊಂದರೆ, ನಿಧಾನಗತಿಯಿಂದ ನಮಗೆ ತೊಂದರೆ.

2021ರ ನವೆಂಬರ್ ತಿಂಗಳನ್ನು ರಾಗಿ ಬೆಳೆಗಾರರು ಸುಲಭವಾಗಿ ಮರೆಯುವಂತಿಲ್ಲ. ಆ ತಿಂಗಳ 11ರಂದು ಒಂದು, 19ರಂದು ಮತ್ತೊಂದು ವಾಯುಭಾರ ಕುಸಿತಗಳು ಚೆನ್ನೈ ಸುತ್ತಮುತ್ತಲಿನ ಕರಾವಳಿಯನ್ನು ದಾಟಿ, ದಕ್ಷಿಣ ಜಿಲ್ಲೆಗಳಲ್ಲಿ ವಾರಗಟ್ಟಲೆ ಬಿಸಿಲೇ ಇಲ್ಲದಂತಾಯಿತು. ನಿಂತ ರಾಗಿ ಮಲಗಿತು, ಕೊಯ್ದ ರಾಗಿ ಮೊಳೆಯಿತು, ಹುಲ್ಲು ಕಪ್ಪಾಯಿತು. ಒಂದು ಕುಸಿತ ಹೋದ ಮೇಲೆ ಸಿಕ್ಕ ಬಿಡುವಿನಲ್ಲಿ ಕೊಯ್ಯಬೇಕೇ, ಮುಂದಿನದು ಬರುತ್ತಿದೆಯೇ ಎಂಬುದು ಅಂತಹ ವರ್ಷದಲ್ಲಿ ಏಳುವ ಪ್ರಶ್ನೆ. ಅದಕ್ಕೆ ಉತ್ತರ ಮುನ್ಸೂಚನೆಯಲ್ಲೂ ಇರುತ್ತದೆ, ಆಕಾಶದಲ್ಲೂ ಇರುತ್ತದೆ.

ಎತ್ತರದ ಬಿಳಿ ಮೋಡಗಳು

ಮೋಡಗಳಿಗೆ ಇಂದು ಎಲ್ಲ ದೇಶಗಳಲ್ಲಿ ಬಳಸುವ ಹೆಸರುಗಳಿಗೆ ಅಡಿಪಾಯ ಹಾಕಿದವರು ಇಂಗ್ಲೆಂಡಿನ ಲ್ಯೂಕ್ ಹೋವರ್ಡ್. ವೃತ್ತಿಯಿಂದ ಔಷಧ ತಯಾರಕರಾಗಿದ್ದ ಅವರು 1803ರಲ್ಲಿ ಪ್ರಕಟಿಸಿದ ವಿಂಗಡಣೆಯಲ್ಲಿ ಎಳೆಯಾಗಿರುವುದು, ರಾಶಿಯಾಗಿರುವುದು, ಪದರವಾಗಿರುವುದು ಎಂಬ ಮೂರು ಮುಖ್ಯ ರೂಪಗಳಿದ್ದವು. ಈಗ ಹತ್ತು ಜಾತಿಗಳನ್ನು ಗುರುತಿಸುತ್ತಾರೆ. ಅಷ್ಟನ್ನೂ ಬಾಯಿಪಾಠ ಮಾಡುವ ಅಗತ್ಯ ರೈತರಿಗಿಲ್ಲ. ಮೋಡ ಎಳೆಯೋ, ರಾಶಿಯೋ, ಪದರವೋ ಎಂಬುದನ್ನೂ, ಅದು ಎತ್ತರದಲ್ಲಿದೆಯೋ ತಗ್ಗಿನಲ್ಲಿದೆಯೋ ಎಂಬುದನ್ನೂ ತಿಳಿದರೆ ಸಾಕು.

ಅತಿ ಎತ್ತರದ ಮೋಡಗಳು ನಮ್ಮ ಉಷ್ಣವಲಯದಲ್ಲಿ ನೆಲದಿಂದ 6 ಕಿಲೋಮೀಟರ್‌ಗೂ ಮೇಲಿರುತ್ತವೆ. ಅಲ್ಲಿನ ಚಳಿಗೆ ನೀರು ಹನಿಯಾಗಿ ಉಳಿಯದೆ ಹಿಮದ ಹರಳಾಗಿರುತ್ತದೆ. ಆದ್ದರಿಂದಲೇ ಶಾಲಾ ಪುಸ್ತಕಗಳಲ್ಲಿ ಇವನ್ನು ಹಿಮಕಣ ಮೋಡ ಎಂದು ಕರೆಯುತ್ತಾರೆ, ವಿಜ್ಞಾನಿಗಳು ಸಿರಸ್ ಎನ್ನುತ್ತಾರೆ. ಹಿಂಜಿದ ಅರಳೆಯಂತೆ, ಬಾಚಿದ ಕುದುರೆ ಬಾಲದಂತೆ ಇವು ಕಾಣುತ್ತವೆ. ಇವುಗಳಿಂದ ನೇರವಾಗಿ ನೆಲಕ್ಕೆ ಒಂದು ಹನಿಯೂ ಬೀಳುವುದಿಲ್ಲ. ಆದರೆ ಕೊಲ್ಲಿಯಲ್ಲಿ ದೊಡ್ಡ ಮಳೆಯ ವ್ಯವಸ್ಥೆ ಎದ್ದಾಗ, ಅದರ ನೆತ್ತಿಯಿಂದ ಹೊರಚೆಲ್ಲಿದ ಹಿಮಕಣಗಳು ನೂರಾರು ಕಿಲೋಮೀಟರ್ ಮುಂಚಿತವಾಗಿ ಹರಡುತ್ತವೆ. ಹೀಗಾಗಿ ಇವು ಮಳೆಗಿಂತ ಮೊದಲು ಬರುವ ಓಲೆಕಾರನಂತೆ.

ಎಲ್ಲ ಎಳೆ ಮೋಡಗಳೂ ಈ ಅರ್ಥವನ್ನು ಕೊಡುವುದಿಲ್ಲ. ಎರಡು ಸಂಗತಿಗಳನ್ನು ನೋಡಬೇಕು. ಮೊದಲನೆಯದು ಅವು ಬರುವ ದಿಕ್ಕು. ಜನವರಿ, ಫೆಬ್ರವರಿಯಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಸಾಗುವ ಚದುರಿದ ಎಳೆಗಳು ಮೇಲ್ಪದರದ ಪಶ್ಚಿಮದ ಗಾಳಿಯಲ್ಲಿ ಬಂದವು. ಇವು ಸಾಮಾನ್ಯವಾಗಿ ಮಳೆ ತರುವುದಿಲ್ಲ. ನವೆಂಬರ್, ಡಿಸೆಂಬರ್‌ನಲ್ಲಿ ಪೂರ್ವ ಅಥವಾ ಆಗ್ನೇಯದ ಕಡೆಯಿಂದ ಬೀಸಣಿಗೆಯಂತೆ ಹರಡಿಕೊಂಡು ಬರುವ ಎಳೆಗಳ ಮೇಲೆ ಕಣ್ಣಿಡಬೇಕು. ಎರಡನೆಯದು, ಅವು ಸಮಯ ಕಳೆದಂತೆ ದಪ್ಪವಾಗುತ್ತಿವೆಯೇ ಎಂಬುದು. ಬೆಳಿಗ್ಗೆ ಎಳೆಯಾಗಿದ್ದದ್ದು ಮಧ್ಯಾಹ್ನಕ್ಕೆ ಬಿಳಿ ಪರದೆಯಾಗಿ, ಸಂಜೆಗೆ ಬೂದು ಹೊದಿಕೆಯಾದರೆ ಅದು ಗಂಭೀರವಾದ ಸೂಚನೆ. ಬೆಂಗಳೂರಿನ ಕಡೆ ಹಾರುವ ವಿಮಾನಗಳು ಬಿಡುವ ಬಿಳಿ ಗೆರೆಯನ್ನೂ ಇದಕ್ಕೆ ಉಪಯೋಗಿಸಿಕೊಳ್ಳಬಹುದು. ಗೆರೆ ಕ್ಷಣದಲ್ಲಿ ಮಾಯವಾದರೆ ಮೇಲಿನ ಗಾಳಿ ಒಣಗಿದೆ. ಬಹಳ ಹೊತ್ತು ಉಳಿದು ಅಗಲವಾದರೆ ಅಲ್ಲಿ ತೇವ ತುಂಬಿದೆ.

ಪರದೆಯಂತಹ ಈ ಮೋಡ ಸೂರ್ಯಚಂದ್ರರ ಸುತ್ತ ದೊಡ್ಡ ಬಳೆಯನ್ನು ಉಂಟುಮಾಡುತ್ತದೆ. ಇದನ್ನು ನಮ್ಮವರು ಗುಡಿ ಕಟ್ಟುವುದು ಎನ್ನುತ್ತಾರೆ. ಹಿಮದ ಹರಳುಗಳ ಮೂಲಕ ಹಾಯ್ದ ಬೆಳಕು ಸುಮಾರು 22 ಡಿಗ್ರಿ ಬಾಗುವುದರಿಂದ ಈ ಬಳೆ ಕಾಣುತ್ತದೆ. ಕೈಯನ್ನು ಮುಂದಕ್ಕೆ ಚಾಚಿ ಗೇಣು ಹಿಡಿದರೆ, ಹೆಬ್ಬೆರಳು ಚಂದ್ರನ ಮೇಲಿದ್ದಾಗ ಕಿರುಬೆರಳು ಹೆಚ್ಚುಕಡಿಮೆ ಬಳೆಯನ್ನು ಮುಟ್ಟುತ್ತದೆ. ಸೂರ್ಯನ ಬಳೆಯನ್ನು ನೋಡುವಾಗ ಸೂರ್ಯನನ್ನು ತೆಂಗಿನ ಮರದ ಕಾಂಡಕ್ಕೆ ಮರೆಮಾಡಿಕೊಂಡೇ ನೋಡಬೇಕು. ಚಂದ್ರನಿಗೆ ಅಂಟಿಕೊಂಡಂತೆ ಕಾಣುವ, ಬಣ್ಣಬಣ್ಣದ ಸಣ್ಣ ಬಳೆ ಬೇರೆ. ಅದು ನೀರಿನ ಹನಿಗಳಿರುವ ಮಧ್ಯಮ ಎತ್ತರದ ತೆಳು ಮೋಡದಿಂದ ಆದದ್ದು. ಗುಡಿ ದೂರವಾದಷ್ಟೂ ಮಳೆ ಹತ್ತಿರ ಎಂದು ಹೇಳುವ ಹಿರಿಯರ ಮಾತಿನಲ್ಲಿ ಈ ಭೇದ ಅಡಗಿದೆ ಎಂದು ನನಗೆ ತೋರುತ್ತದೆ. ಗುಡಿ ಕಟ್ಟಿದಾಗಲೆಲ್ಲ ಮಳೆ ಬರುವುದಿಲ್ಲ. ಆದರೆ ಕೊಲ್ಲಿಯಲ್ಲಿ ವಾಯುಭಾರ ಕುಸಿತವಿದೆ ಎಂದು ಆಕಾಶವಾಣಿ ಹೇಳಿದ ದಿನವೇ ಗುಡಿಯೂ ಕಂಡರೆ, ಆ ಸಂಜೆ ಹೊಸದಾಗಿ ರಾಗಿ ಕೊಯ್ದು ಹಾಕುವುದು ಉಚಿತವಲ್ಲ.

ಇದರ ಮುಂದಿನ ಹಂತದಲ್ಲಿ ಮೋಡ ಇನ್ನೂ ತಗ್ಗಿ ದಪ್ಪವಾಗುತ್ತದೆ. ಸೂರ್ಯ ಮಸುಕು ಗಾಜಿನ ಹಿಂದೆ ಇಟ್ಟ ದೀಪದಂತೆ ಕಾಣುತ್ತಾನೆ, ಗುಡಿ ಮಾಯವಾಗುತ್ತದೆ. ಈ ಹಂತವನ್ನು ಗುರುತಿಸಲು ಆಕಾಶವನ್ನು ನೋಡಬೇಕಾಗಿಯೂ ಇಲ್ಲ. ಹೊಲದಲ್ಲಿ ನಿಂತಾಗ ನಿಮ್ಮ ನೆರಳು ನೆಲದ ಮೇಲೆ ಸ್ಪಷ್ಟವಾಗಿ ಬೀಳುತ್ತಿದೆಯೇ ಎಂದು ನೋಡಿದರೆ ಸಾಕು. ನೆರಳು ಅಳಿಸಿಹೋಗಿದ್ದರೆ ಅರಿಯಲ್ಲಿರುವ ಪೈರನ್ನು ಕಂತೆ ಕಟ್ಟಿ ಮೇಲಕ್ಕೆ ಸಾಗಿಸಲು ನಿಮಗೆ ಕೆಲವು ಗಂಟೆಗಳಷ್ಟೇ ಇವೆ ಎಂದು ತಿಳಿಯಬೇಕು. ಕೊನೆಗೆ ಬರುವುದು ಅಂಚಿಲ್ಲದ, ಒಂದೇ ಸಮನೆ ಕಪ್ಪಾದ ಪದರ ಮೋಡ, ಅದರಿಂದ ಗುಡುಗಿಲ್ಲದ ಜಡಿಮಳೆ.

ಬೆಳಗಿನ ಬೂದು ಆಕಾಶ, ಮಂಜು ಮತ್ತು ಇಬ್ಬನಿ

ಇನ್ನು ನೋಡಲು ಭಯ ಹುಟ್ಟಿಸುವ, ಆದರೆ ಹೆಚ್ಚಾಗಿ ಏನೂ ಮಾಡದ ಮೋಡದ ವಿಷಯ. ಮೋಡವಿಲ್ಲದ, ಗಾಳಿಯಾಡದ ಚಳಿಗಾಲದ ರಾತ್ರಿಯಲ್ಲಿ ನೆಲ ಹಗಲು ಪಡೆದ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಬೇಗ ತಣಿಯುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣಿದು, ಭಾರವಾಗಿ, ತಗ್ಗಿನ ಕಡೆಗೆ ನೀರಿನಂತೆ ಹರಿಯುತ್ತದೆ. ಶಿಂಷೆಯ ಪಾತ್ರ, ನಾಲೆಯ ಬಯಲು, ಕೆರೆಯ ಹಿಂಭಾಗ ಇವೆಲ್ಲ ಇಂತಹ ತಂಪು ಗಾಳಿ ಬಂದು ನಿಲ್ಲುವ ಜಾಗಗಳು. ಅಲ್ಲಿ ಗದ್ದೆಯ ತೇವವೂ ಸೇರಿಕೊಳ್ಳುವುದರಿಂದ ಬೆಳಗಿನ ಜಾವ ಮಂಜು ಕವಿಯುತ್ತದೆ. ಬಿಸಿಲೇರಿದಂತೆ ಇದು ನೆಲ ಬಿಟ್ಟು ನೂರಿನ್ನೂರು ಮೀಟರ್ ಮೇಲೆದ್ದು ಪದರ ಮೋಡವಾಗಿ ತೋರುತ್ತದೆ. ತಗ್ಗಿನ ಊರಿನವರಿಗೆ ಆಕಾಶವೇ ಮುಚ್ಚಿದಂತೆ ಕಂಡರೆ, ಅದೇ ಹೊತ್ತಿಗೆ ದಿಣ್ಣೆಯ ಮೇಲಿನ ಊರಿನಲ್ಲಿ ಬಿಸಿಲಿರುತ್ತದೆ.

ಇಲ್ಲಿ ಒಂದು ಸರಳವಾದ ತರ್ಕವಿದೆ. ದಟ್ಟವಾದ ಮಂಜಾಗಲಿ, ಹೇರಳವಾದ ಇಬ್ಬನಿಯಾಗಲಿ ಬೀಳಬೇಕಾದರೆ ರಾತ್ರಿ ಆಕಾಶ ತಿಳಿಯಾಗಿದ್ದಿರಬೇಕು. ಆದ್ದರಿಂದ ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಸುರಿಯುತ್ತಿದ್ದು, ಮೇಲೆ ಬೂದು ಮೋಡವಿದ್ದರೆ, ಆ ಮೋಡ ಸ್ಥಳೀಯವಾದದ್ದು. ಒಂಬತ್ತು ಹತ್ತು ಗಂಟೆಗೆ ಕರಗುತ್ತದೆ. ಆಳುಗಳನ್ನು ಹಿಂದಕ್ಕೆ ಕಳುಹಿಸದೆ ಹತ್ತು ಗಂಟೆಗೆ ಬರಹೇಳುವುದು ಲೇಸು. ಹೇಗಿದ್ದರೂ ಇಬ್ಬನಿ ಆರುವ ಮೊದಲು ರಾಗಿ ಕೊಯ್ಯುವುದಾಗಲಿ, ರೇಷ್ಮೆ ಹುಳುವಿಗೆ ಸೊಪ್ಪು ಬಿಡಿಸುವುದಾಗಲಿ ಒಳ್ಳೆಯದಲ್ಲ. ಒದ್ದೆ ಸೊಪ್ಪು ತಿಂದ ಹುಳುವಿಗೆ ರೋಗ ತಗಲುವುದು ಸುಲಭ.

ಇದರ ಮಗ್ಗುಲನ್ನೂ ನೋಡಬೇಕು. ಐದಾರು ದಿನ ಬಿಡದೆ ಬೀಳುತ್ತಿದ್ದ ಇಬ್ಬನಿ ಒಂದು ಬೆಳಿಗ್ಗೆ ಇಲ್ಲವಾದರೆ, ರಾತ್ರಿಯ ಚಳಿ ಇದ್ದಕ್ಕಿದ್ದಂತೆ ಕಡಿಮೆಯಾಗಿ ಕಂಬಳಿ ಬೇಡವೆನಿಸಿದರೆ, ಅದನ್ನು ಅಲಕ್ಷಿಸಬಾರದು. ರಾತ್ರಿ ಮೇಲ್ಗಡೆ ಮೋಡ ಹರಡಿ ನೆಲದ ಶಾಖವನ್ನು ಹಿಡಿದಿಟ್ಟಿದೆ, ಇಲ್ಲವೇ ಗಾಳಿ ಬೀಸಿದೆ ಎಂಬುದೇ ಇದರ ಅರ್ಥ. ಎರಡೂ ಹೊಸ ಹವೆ ಬರುತ್ತಿರುವುದರ ಗುರುತು. ಕೊಯ್ಲಿನ ಕಾಲದಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಹುಲ್ಲನ್ನು ಮುಟ್ಟಿ ನೋಡುವುದಕ್ಕೆ ಖರ್ಚೇನೂ ಇಲ್ಲ. ಅವರೆಯ ಸೊಗಡು ಇಬ್ಬನಿ ಬಿದ್ದಷ್ಟೂ ಹೆಚ್ಚು ಎಂದು ಮನೆಯ ಹೆಂಗಸರು ಹೇಳುತ್ತಾರೆ. ಅವರನ್ನು ಕೇಳಿದರೆ ಯಾವ ದಿನ ಇಬ್ಬನಿ ಬಿತ್ತು, ಯಾವ ದಿನ ಬೀಳಲಿಲ್ಲ ಎಂಬ ಲೆಕ್ಕ ನಮಗಿಂತ ಚೆನ್ನಾಗಿ ಸಿಗುತ್ತದೆ.

ಪದರ ಮೋಡವು ಮಳೆ ಹನಿಸುವ ಸಂದರ್ಭವೂ ಉಂಟು. 2022ರ ಡಿಸೆಂಬರ್ 9ರ ರಾತ್ರಿ ಮಾಂಡೌಸ್ ಚಂಡಮಾರುತ ಮಾಮಲ್ಲಪುರದ ಬಳಿ ಕರಾವಳಿ ದಾಟಿದಾಗ, ನಮ್ಮ ದಕ್ಷಿಣ ಜಿಲ್ಲೆಗಳಲ್ಲಿ ಹಗಲೂ ಚಳಿ ಬಿಡದೆ ತುಂತುರು ಹಿಡಿದಿತ್ತು. ಅಂತಹ ದಿನಗಳಲ್ಲಿ ಗಾಳಿ ನಿಲ್ಲದೆ ಬೀಸುತ್ತದೆ, ಇಬ್ಬನಿ ಇರುವುದಿಲ್ಲ, ಹತ್ತು ಗಂಟೆಯಾದರೂ ಮೋಡ ಕರಗುವುದಿಲ್ಲ. ನಿಶ್ಚಲವಾದ ಗಾಳಿಯಲ್ಲಿ ನಿಂತ ಬೂದು ಮೋಡವನ್ನೂ, ಗಾಳಿಯ ಜೊತೆ ಓಡುವ ಬೂದು ಮೋಡವನ್ನೂ ಒಂದೇ ಎಂದು ಭಾವಿಸಬಾರದು.

ಕುರಿಮಂದೆಯಂತೆ ತುಂಡುತುಂಡಾಗಿ ಹರಡುವ ಮಧ್ಯಮ ಮೋಡಗಳು ಮತ್ತು ಮಧ್ಯಾಹ್ನದ ಅರಳೆಯ ಉಂಡೆಯಂತಹ ರಾಶಿ ಮೋಡಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ರಾಶಿ ಮೋಡದ ಅಗಲಕ್ಕಿಂತ ಎತ್ತರ ಹೆಚ್ಚಿ, ಹೂಕೋಸಿನಂತೆ ಉಕ್ಕಿ, ನೆತ್ತಿ ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾದರೆ ಅದು ಗುಡುಗು ಮೋಡ. ನವೆಂಬರ್ ಮೊದಲ ವಾರಗಳವರೆಗೆ ಇದನ್ನು ನಿರೀಕ್ಷಿಸಬಹುದು. ಮಿಂಚು ಕಂಡು ಮೂರು ಸೆಕೆಂಡಿಗೆ ಗುಡುಗು ಕೇಳಿದರೆ ಸಿಡಿಲು ಸುಮಾರು ಒಂದು ಕಿಲೋಮೀಟರ್ ದೂರದಲ್ಲಿದೆ. ಗುಡುಗು ಕೇಳಿಸುವಷ್ಟು ಹತ್ತಿರ ಮೋಡವಿದ್ದಾಗ ಒಂಟಿ ಮರದ ಕೆಳಗೆ ನಿಲ್ಲದೆ ಮನೆಗೆ ಹೋಗಬೇಕು.

ಗಾಳಿಗೆ ಬೆನ್ನು ಕೊಟ್ಟು ನಿಂತರೆ

ಡಚ್ ವಿಜ್ಞಾನಿ ಬೈಸ್ ಬ್ಯಾಲಟ್ 1857ರಲ್ಲಿ ಹೇಳಿದ ಒಂದು ನಿಯಮ ಇಂದಿಗೂ ಉಪಯುಕ್ತವಾಗಿದೆ. ಭೂಮಿಯ ಉತ್ತರಾರ್ಧದಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತರೆ ಕಡಿಮೆ ಒತ್ತಡದ ಪ್ರದೇಶ ಎಡಗೈ ಕಡೆಗಿರುತ್ತದೆ. ವೈದ್ಯನಾಥಪುರದ ಬಯಲಿನಲ್ಲಿ ಉತ್ತರದ ಗಾಳಿ ಬಲವಾಗಿ ಬೀಸುತ್ತಿದೆ ಎನ್ನೋಣ. ಅದಕ್ಕೆ ಬೆನ್ನು ಕೊಟ್ಟರೆ ಮುಖ ದಕ್ಷಿಣಕ್ಕೆ, ಎಡಗೈ ಪೂರ್ವಕ್ಕೆ. ಎಂದರೆ ಕುಸಿತ ಇನ್ನೂ ತಮಿಳುನಾಡಿನ ಕಡೆಯಲ್ಲಿದೆ, ಮಳೆ ಮುಗಿದಿಲ್ಲ. ಗಾಳಿ ದಕ್ಷಿಣಕ್ಕೆ ತಿರುಗಿದರೆ ಎಡಗೈ ಪಶ್ಚಿಮವನ್ನು ತೋರಿಸುತ್ತದೆ. ಕುಸಿತ ನಮ್ಮನ್ನು ದಾಟಿ ಅರಬ್ಬೀ ಸಮುದ್ರದತ್ತ ಹೋಗುತ್ತಿದೆ. ಆಮೇಲೂ ಒಂದು ದಿನ ಹನಿಯಬಹುದು, ಆದರೆ ಕೊನೆ ಹತ್ತಿರ ಬಂದಂತೆ. ಗಾಳಿ ತೀರ ಮಂದವಾಗಿರುವಾಗ ಈ ನಿಯಮ ಪ್ರಯೋಜನಕ್ಕೆ ಬಾರದು. ನದಿಯ ತಗ್ಗಿನ ಮಂದ ಗಾಳಿ ತಗ್ಗಿನ ದಿಕ್ಕನ್ನಷ್ಟೇ ಹೇಳುತ್ತದೆ. ಕೆಳ ಮೋಡಗಳು ಓಡುವ ದಿಕ್ಕನ್ನು ನೋಡುವುದು ಹೆಚ್ಚು ನಂಬಿಕೆಯ ದಾರಿ.

ಮುನ್ಸೂಚನೆಯ ಭಾಷೆ

ಮುನ್ಸೂಚನೆಯನ್ನು ಕೇಳುವವರು ಬಹಳ ಮಂದಿ, ಅದರ ಪದಗಳ ಅಳತೆಯನ್ನು ತಿಳಿದವರು ಕಡಿಮೆ. ನಮ್ಮ ಜಿಲ್ಲೆ ದಕ್ಷಿಣ ಒಳನಾಡು ಕರ್ನಾಟಕ ಎಂಬ ಉಪವಿಭಾಗಕ್ಕೆ ಸೇರಿದೆ. ಈ ಉಪವಿಭಾಗದ ಒಂದೆರಡು ಕಡೆ ಮಳೆ ಎಂದರೆ ಮಾಪನ ಕೇಂದ್ರಗಳಲ್ಲಿ ಹೆಚ್ಚೆಂದರೆ ಶೇಕಡಾ 25ರಲ್ಲಿ ಮಳೆಯಾಗಬಹುದು. ಕೆಲವೆಡೆ ಎಂದರೆ ಶೇಕಡಾ 26ರಿಂದ 50, ಹಲವೆಡೆ ಎಂದರೆ 51ರಿಂದ 75, ಬಹುತೇಕ ಎಲ್ಲ ಕಡೆ ಎಂದರೆ ಅದಕ್ಕೂ ಮೇಲೆ. ಕೆಲವೆಡೆ ಮಳೆ ಎಂದು ಹೇಳಿ ನಮ್ಮೂರಿಗೆ ಬಾರದಿದ್ದರೆ ಮುನ್ಸೂಚನೆ ಸುಳ್ಳಾಯಿತು ಎನ್ನುವಂತಿಲ್ಲ.

ಮಳೆಯ ಪ್ರಮಾಣಕ್ಕೂ ಅಳತೆಯಿದೆ. 24 ಗಂಟೆಗಳಲ್ಲಿ 2.5ರಿಂದ 15.5 ಮಿಲಿಮೀಟರ್ ಬಿದ್ದರೆ ಹಗುರ ಮಳೆ, 64.4ರವರೆಗೆ ಸಾಧಾರಣ, 64.5ರಿಂದ 115.5ರವರೆಗೆ ಭಾರಿ, 204.4ರವರೆಗೆ ಅತಿ ಭಾರಿ. ಹಗುರ ಎಂಬ ಪದ ಕೇಳಿ ನಿಶ್ಚಿಂತರಾಗಬಾರದು. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ 4,000 ಲೀಟರಿಗೂ ಹೆಚ್ಚು ನೀರು. 15 ಮಿಲಿಮೀಟರಿನ ಹಗುರ ಮಳೆಯಲ್ಲಿ ನಿಮ್ಮ ಒಂದು ಎಕರೆ ಅರಿಯ ಮೇಲೆ ಸುಮಾರು 60,000 ಲೀಟರ್ ನೀರು ಬೀಳುತ್ತದೆ. ಹವಾಮಾನ ತಜ್ಞರಿಗೆ ಹಗುರವಾದದ್ದು ನೆಲದ ಮೇಲೆ ಹಾಸಿದ ರಾಗಿಗೆ ಹಗುರವಲ್ಲ. ವಿಸ್ತರಣಾ ಕಾರ್ಯಕರ್ತರು ಈ ಒಂದು ಅಂಶವನ್ನು ಸಭೆಗಳಲ್ಲಿ ಒತ್ತಿ ಹೇಳಬೇಕು. ಹಳದಿ ಎಚ್ಚರಿಕೆ ಬಂದರೆ ಗಮನವಿಡಿ, ಕಿತ್ತಳೆ ಬಂದರೆ ಸಿದ್ಧರಾಗಿ, ಕೆಂಪು ಬಂದರೆ ಕೂಡಲೇ ಕ್ರಮ ಕೈಗೊಳ್ಳಿ ಎಂದು ಅರ್ಥ. ಈ ಬಣ್ಣಗಳನ್ನು ಮುಖ್ಯವಾಗಿ ಜನಜೀವನದ ಅಪಾಯಕ್ಕಾಗಿ ಗೊತ್ತುಮಾಡಿದ್ದಾರೆ. ಯಾವ ಬಣ್ಣವೂ ಇಲ್ಲದ ದಿನವೂ ಒಕ್ಕಣೆ ಕಣ ನೆನೆಯಬಹುದು.

ಇನ್ನೊಂದು ವಿಷಯ, ಇಲಾಖೆಯ ಮಳೆಯ ದಿನ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ. ಸೋಮವಾರ ರಾತ್ರಿ ಸುರಿದ ಮಳೆ ಮಂಗಳವಾರದ ಲೆಕ್ಕಕ್ಕೆ ಸೇರುತ್ತದೆ.

ಮೊದಲ ಎರಡು ಮೂರು ದಿನಗಳ ಮುನ್ಸೂಚನೆಯನ್ನು ಹೆಚ್ಚು ನಂಬಬಹುದು, ಐದನೆಯ ದಿನದ ನಂತರ ಅದು ಸಾಮಾನ್ಯ ಒಲವನ್ನಷ್ಟೇ ತಿಳಿಸುತ್ತದೆ. ಕೊಲ್ಲಿಯ ವ್ಯವಸ್ಥೆಗಳ ವಿಷಯದಲ್ಲಂತೂ ಹಳೆಯ ಪ್ರಕಟಣೆಯನ್ನು ಹಿಡಿದು ಕೂರಬಾರದು. ಫೆಂಗಲ್ ಚಂಡಮಾರುತ ನವೆಂಬರ್ 30ರ ಬೆಳಿಗ್ಗೆ ದಾಟಬಹುದೆಂದು ಮೊದಲು ಅಂದಾಜಿತ್ತು, ದಾಟಿದ್ದು ರಾತ್ರಿ. ದಾಟುವ ಮೊದಲೇ ದುರ್ಬಲವಾಗಬಹುದೆಂದೂ ಒಂದು ಹಂತದಲ್ಲಿ ಭಾವಿಸಲಾಗಿತ್ತು, ಅದು ಚಂಡಮಾರುತವಾಗಿಯೇ ದಾಟಿತು. ಇಲಾಖೆ ಪ್ರತಿ ಕೆಲವು ಗಂಟೆಗೊಮ್ಮೆ ತಿದ್ದಿ ಹೇಳುತ್ತಿತ್ತು. ತಿದ್ದಿದ್ದನ್ನು ಕೇಳಿಸಿಕೊಳ್ಳುವ ಕೆಲಸ ನಮ್ಮದು. ಪ್ರತಿ ಮಂಗಳವಾರ ಮತ್ತು ಶುಕ್ರವಾರ ಹೊರಬರುವ ಕೃಷಿ ಹವಾಮಾನ ಸಲಹೆಯನ್ನು 2019ರಿಂದ ಇರುವ ಮೇಘದೂತ್ ಮೊಬೈಲ್ ಆ್ಯಪ್‌ನಲ್ಲಿ ಕನ್ನಡದಲ್ಲೇ ಓದಬಹುದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣ ಮಿತ್ರ ಸಹಾಯವಾಣಿಯೂ ಇದೆ.

ಮೊಬೈಲ್‌ಗಳಲ್ಲಿ ಹರಿದಾಡುವ ಉಪಗ್ರಹ ಚಿತ್ರಗಳ ಬಗ್ಗೆ ಒಂದು ಮಾತು. ಇನ್‌ಸಾಟ್ ಉಪಗ್ರಹದ ಅವಕೆಂಪು ಚಿತ್ರದಲ್ಲಿ ತಣ್ಣಗಿರುವುದೆಲ್ಲ ಬೆಳ್ಳಗೆ ಕಾಣುತ್ತದೆ. ಮಳೆ ಬಾರದ ಎಳೆ ಮೋಡವೂ ಎತ್ತರದಲ್ಲಿ ತಣ್ಣಗಿರುವುದರಿಂದ ಬೆಳ್ಳಗಿರುತ್ತದೆ. ನಮ್ಮ ನದಿ ಬಯಲಿನ ಮಂಜು ನೆಲದಷ್ಟೇ ಬೆಚ್ಚಗಿರುವುದರಿಂದ ಕಾಣುವುದೇ ಇಲ್ಲ. ಇಡೀ ಕರ್ನಾಟಕ ಬೆಳ್ಳಗಾಗಿದೆ ಎಂದು ಗಾಬರಿಪಡುವ ಮೊದಲು ಹೊರಗೆ ಬಂದು ತಲೆ ಎತ್ತಿ ನೋಡಬೇಕು.

ಮಳೆ ನಕ್ಷತ್ರಗಳ ಬಗೆಗೂ ರೈತರು ಕೇಳುತ್ತಾರೆ. ಸ್ವಾತಿ, ವಿಶಾಖ, ಅನುರಾಧ ಎಂಬ ಹೆಸರುಗಳು ಸೂರ್ಯನ ಸ್ಥಾನವನ್ನು ಆಧರಿಸಿದ ಪಂಚಾಂಗದ ಭಾಗಗಳು. ಸ್ವಾತಿ ಅಕ್ಟೋಬರ್ ಕೊನೆಗೆ, ಅನುರಾಧ ನವೆಂಬರ್ ಕೊನೆಗೆ ಬರುತ್ತದೆ. ಯಾವ ಹದಿಮೂರು ಹದಿನಾಲ್ಕು ದಿನಗಳಲ್ಲಿ ಸಾಮಾನ್ಯವಾಗಿ ಮಳೆ ಹೆಚ್ಚು ಎಂಬ ತಲೆಮಾರುಗಳ ಅನುಭವ ಅದರಲ್ಲಿದೆ. ಬಿತ್ತನೆಯ ಕಾಲವನ್ನು ಗೊತ್ತುಮಾಡಲು ಅದು ಒಳ್ಳೆಯದೇ. ಈ ವರ್ಷ ಬರುವ ಗುರುವಾರ ಮಳೆಯಾಗುತ್ತದೆಯೇ ಎಂಬುದನ್ನು ಅದು ಹೇಳಲಾರದು. ಮಾರ್ಗಶಿರದಿಂದ ಮೋಡ ಗರ್ಭ ಕಟ್ಟಿ 195 ದಿನಗಳ ಬಳಿಕ ಮಳೆಯಾಗುತ್ತದೆ ಎಂಬ ಲೆಕ್ಕ ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿದೆ. ಅದನ್ನು ನಂಬಿ ಬೆಳೆ ಯೋಜನೆ ಮಾಡಿ ಎಂದು ನಾನು ಹೇಳಲಾರೆ. ಆದರೆ ಆ ಕಾಲದವರು ಚಳಿಗಾಲದ ಪ್ರತಿದಿನದ ಮೋಡ, ಗಾಳಿ, ಗುಡಿಗಳನ್ನು ಬರೆದಿಡುವಷ್ಟು ಗಮನವಿಟ್ಟು ನೋಡಿದ್ದರು ಎಂಬುದು ನಿಜ.

ಕೊಯ್ಯಬೇಕೇ, ನಿಲ್ಲಿಸಬೇಕೇ?

ರಾಗಿ ಕೊಯ್ದು ಅರಿ ಹಾಕಿದ ಮೇಲೆ ಕಂತೆ ಕಟ್ಟಲು ಮೂರು ನಾಲ್ಕು ಒಣ ದಿನಗಳು ಬೇಕು. ಆದ್ದರಿಂದ ಇಂದು ಮಳೆ ಬರುತ್ತದೆಯೇ ಎಂಬುದಕ್ಕಿಂತ ಮುಂದಿನ ನಾಲ್ಕು ದಿನ ಒಣಹವೆ ಇದೆಯೇ ಎಂಬ ಪ್ರಶ್ನೆಯನ್ನೇ ಕೇಳಿಕೊಳ್ಳಬೇಕು. ಮುನ್ಸೂಚನೆ ಒಣಹವೆ ಎನ್ನುತ್ತಿದ್ದು, ಬೆಳಿಗ್ಗೆ ಇಬ್ಬನಿಯೂ ಇದ್ದರೆ ಧೈರ್ಯವಾಗಿ ಕೊಯ್ಯಬಹುದು. ಮುನ್ಸೂಚನೆಯಲ್ಲಿ ಮೂರನೆಯ ದಿನ ಮಳೆ ಇದ್ದು, ಪೂರ್ವದಿಂದ ಬಿಳಿ ಪರದೆಯೂ ಹರಡುತ್ತಿದ್ದರೆ, ಪೈರು ನೆಟ್ಟಗೆ ನಿಂತಿರುವ ಹೊಲವನ್ನು ಹಾಗೆಯೇ ಬಿಡುವುದು ಮೇಲು. ನಿಂತ ತೆನೆ ನೆನೆದರೂ ಗಾಳಿಗೆ ಆರುತ್ತದೆ, ನೆಲದ ಮೇಲಿನ ಅರಿ ಎರಡು ಕಡೆಯಿಂದಲೂ ನೆನೆಯುತ್ತದೆ. ಈಗಾಗಲೇ ಮಲಗಿದ ಪೈರಿನ ವಿಷಯ ಬೇರೆ. ಅದನ್ನು ಕಾಯಿಸಬಾರದು. ಆಳು ಸಾಲದಿದ್ದರೆ ತೆನೆಯನ್ನಷ್ಟೇ ಕೊಯ್ದು ಮನೆಗೆ ತಂದು ನೆರಳಿನಲ್ಲಿ ಹರಡಿ, ಹುಲ್ಲನ್ನು ಆಮೇಲೆ ಕೊಯ್ಯಬಹುದು. ಎಲ್ಲ ಹೊಲವನ್ನೂ ಒಂದೇ ದಿನ ಕೊಯ್ಯದೆ, ಸಾಗಿಸಲು ಸಾಧ್ಯವಿರುವಷ್ಟನ್ನೇ ಕೊಯ್ಯುವುದು ನವೆಂಬರ್ ತಿಂಗಳಿನಲ್ಲಿ ಒಳ್ಳೆಯ ಪದ್ಧತಿ.

ಅರಿ ನೆನೆದುಹೋದರೆ ಅವಸರದಲ್ಲಿ ಮೆದೆ ಹಾಕಬಾರದು. ಒದ್ದೆ ಮೆದೆ ಒಳಗೆ ಕಾದು ಬೂಷ್ಟು ಹಿಡಿಯುತ್ತದೆ. ಬಿಸಿಲು ಕಂಡ ಕೂಡಲೇ ಮಗುಚಿ ಹಾಕಿ, ಸಣ್ಣ ಕಂತೆಗಳನ್ನಾಗಿ ತೆನೆ ಮೇಲಾಗಿ ನಿಲ್ಲಿಸಬೇಕು. ಹಣ್ಣಾದ ಬತ್ತ ಮಳೆಗೆ ಮಲಗಿ ಮೊಳಕೆಯೊಡೆಯುವ ಸಂಭವವಿದ್ದರೆ ಗದ್ದೆಯ ನೀರನ್ನು ಬಸಿದು, ತೆನೆಗಳಿಗೆ ಶೇಕಡಾ 5ರ ಅಡುಗೆ ಉಪ್ಪಿನ ದ್ರಾವಣವನ್ನು, ಎಂದರೆ ಲೀಟರ್ ನೀರಿಗೆ 50 ಗ್ರಾಂ ಉಪ್ಪಿನಂತೆ ಬೆರೆಸಿ ಸಿಂಪಡಿಸುವುದರಿಂದ ಮೊಳಕೆಯನ್ನು ತಡೆಯಬಹುದು. ಆಲೆಮನೆಯವರು ಗುಡಿ ಕಂಡ ದಿನವೇ ಎರಡು ಮೂರು ದಿನಕ್ಕಾಗುವಷ್ಟು ಒಣ ಸಿಪ್ಪೆಯನ್ನು ಮಾಡಿನ ಕೆಳಗೆ ಸೇರಿಸಿಕೊಳ್ಳಬೇಕು. ರೇಷ್ಮೆ ಬೆಳೆಗಾರರು ಹುಳು ಹಣ್ಣಾಗಿ ಚಂದ್ರಿಕೆಗೆ ಬಿಡುವ ದಿನಗಳಲ್ಲಿ ಜಡಿ ಹಿಡಿದರೆ ಕೋಣೆಯನ್ನು ಪೂರ್ತಿ ಮುಚ್ಚದೆ, ಗಾಳಿಯಾಡುವಂತೆ ನೋಡಿಕೊಳ್ಳಬೇಕು. ತೇವ ಹೆಚ್ಚಾದರೆ ಗೂಡಿನ ನೂಲು ಸರಾಗವಾಗಿ ಬಿಚ್ಚುವುದಿಲ್ಲ. ಸಸ್ಯ ಸಂರಕ್ಷಣಾ ಔಷಧಿಯನ್ನು ನೆರಳು ಅಳಿಸಿದ ದಿನ ಸಿಂಪಡಿಸಿದರೆ ಹಣ ನೀರಿನೊಡನೆ ಹೋಗುತ್ತದೆ.

ಆಸಕ್ತಿಯುಳ್ಳ ರೈತರು ನವೆಂಬರ್ 1ರಿಂದ ಒಂದು ಸಣ್ಣ ಪುಸ್ತಕವನ್ನು ಇಟ್ಟುಕೊಳ್ಳಬಹುದು. ಇಬ್ಬನಿ ಇತ್ತೇ, 8.30ಕ್ಕೆ ಮೋಡ ಎಳೆಯೋ ಪದರವೋ ರಾಶಿಯೋ, ಕೆಳ ಮೋಡ ಯಾವ ದಿಕ್ಕಿನಿಂದ ಓಡುತ್ತಿತ್ತು, ಸಂಜೆ ಗುಡಿ ಇತ್ತೇ, ಎಷ್ಟು ಮಳೆ ಬಿತ್ತು ಎಂಬ ಐದು ಅಂಕಣಗಳು ಸಾಕು. ಮಳೆಯ ಅಳತೆಗೆ ಬೆಲೆಬಾಳುವ ಉಪಕರಣ ಬೇಕಿಲ್ಲ. ಬಾಯಿಯೂ ತಳವೂ ಒಂದೇ ಅಗಲವಿರುವ, ಬದಿಗಳು ನೆಟ್ಟಗಿರುವ ಡಬ್ಬಿಯನ್ನು ಬಯಲಿನಲ್ಲಿ ಮಟ್ಟವಾಗಿ ಇಟ್ಟು, ಬೆಳಿಗ್ಗೆ 8.30ಕ್ಕೆ ಶಾಲೆಯ ಮಕ್ಕಳ ಸ್ಕೇಲಿನಿಂದ ನೀರಿನ ಆಳವನ್ನು ಅಳೆದರೆ ಅಷ್ಟೇ ಮಿಲಿಮೀಟರ್ ಮಳೆಯಾಗಿದೆ ಎಂದು ಲೆಕ್ಕ. ಡಬ್ಬಿಯ ಹತ್ತಿರ ಮನೆಯೋ ಮರವೋ ಇದ್ದರೆ ಅದರ ಎತ್ತರದ ಎರಡರಷ್ಟು ದೂರದಲ್ಲಿ ಇಡಬೇಕು, ಮತ್ತು ಅಳೆದ ನಂತರ ನೀರನ್ನು ಚೆಲ್ಲಲು ಮರೆಯಬಾರದು.